ಗಾಳಿ ತೆಗೆದು ಚೀಲ ಮುಚ್ಚುವ ಯಂತ್ರವೂ ಮನೆಯ ದವಸವೂ

ಚೀಲದೊಳಗಿನ ಗಾಳಿಯನ್ನು ಹೀರಿ ತೆಗೆದು, ಅದರ ಬಾಯನ್ನು ಕಾವಿನಿಂದ ಬೆಸೆದು ಮುಚ್ಚುವ ಸಣ್ಣ ವಿದ್ಯುದ್ಯಂತ್ರವು ಈಚಿನ ವರ್ಷಗಳಲ್ಲಿ ಪಟ್ಟಣದ ಅಡಿಗೆಮನೆಗಳಿಂದ ಹಳ್ಳಿಯ ಮನೆಗಳಿಗೂ ಬರತೊಡಗಿದೆ. ಅಂಗಡಿಯವರು ಇದನ್ನು ವ್ಯಾಕ್ಯೂಂ ಸೀಲರ್ ಎಂದು ಕರೆಯುವರು. ಇದೊಂದಿದ್ದರೆ ಬೇಳೆಗೆ ಹುಳು ಬೀಳುವುದಿಲ್ಲ, ಹಿಟ್ಟು ಮುಗ್ಗುವುದಿಲ್ಲ, ಬೇಯಿಸಿದ ಪದಾರ್ಥವೂ ವಾರಗಟ್ಟಲೆ ಕೆಡುವುದಿಲ್ಲವೆಂದು ಮಾರುವವರು ಹೇಳುವುದುಂಟು. ಈ ಮಾತುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಒಂದು ಷರತ್ತಿಗೆ ಒಳಪಟ್ಟು ನಿಜ. ಮೂರನೆಯದನ್ನು ಶೀತಪೆಟ್ಟಿಗೆಯಿಲ್ಲದೆ ನಂಬಿ ನಡೆದವರು ಪ್ರಾಣಕ್ಕೇ ಅಪಾಯ ತಂದುಕೊಂಡಾರು. ಆದಕಾರಣ ಈ ಯಂತ್ರವನ್ನು ಯಾವ ಕೆಲಸಕ್ಕೆ ಕೊಳ್ಳಬಹುದು, ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು, ಬಳಸುವಾಗ ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಗ್ರಾಮದ ಯಜಮಾನರೂ ಜಮೀನುದಾರರೂ ತಿಳಿದಿರುವುದು ಒಳ್ಳೆಯದು. ಒಂದು ಮನೆಯವರು ಕೊಂಡುದನ್ನು ನೋಡಿ ಹತ್ತು ಮನೆಯವರು ಕೊಳ್ಳುವುದು ಹಳ್ಳಿಗಳಲ್ಲಿ ವಾಡಿಕೆಯಷ್ಟೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಹೋಬಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಡುವವರೆಗೂ ಈ ಸೀಮೆಯು ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ಸೂಳೆಕೆರೆಯ ಮತ್ತು ಭದ್ರಾ ನಾಲೆಯ ನೀರು ಸಿಕ್ಕುವೆಡೆಗಳಲ್ಲಿ ಬತ್ತವೂ ಅಡಿಕೆಯೂ, ಮಳೆಯನ್ನೇ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳವೂ ರಾಗಿಯೂ ಬೆಳೆಯುತ್ತವೆ. ಹಿಂದೆ ಇಲ್ಲಿಯ ಒಕ್ಕಲುಮನೆಗಳಲ್ಲಿ ವರ್ಷದ ದವಸವೆಲ್ಲವೂ ಮನೆಯಲ್ಲಿಯೇ ಇರುತ್ತಿತ್ತು. ಈಗಲಾದರೋ ಬತ್ತವು ಕಣದಿಂದ ನೇರವಾಗಿ ಗಿರಣಿಗೂ, ಅಡಿಕೆಯು ಚನ್ನಗಿರಿಯ ಮಂಡಿಗೂ, ಮೆಕ್ಕೆಜೋಳವು ದಾವಣಗೆರೆಯ ಮಾರುಕಟ್ಟೆಗೂ ಹೋಗುತ್ತವೆ. ಮನೆಯಲ್ಲಿ ಉಳಿಯತಕ್ಕದ್ದು ಊಟದ ಅಕ್ಕಿ, ನಾಲ್ಕಾರು ಕಿಲೋ ತೊಗರಿ, ಹೆಸರು, ಅಲಸಂದೆ, ಅವರೆ, ವರ್ಷದ ಮೆಣಸಿನಕಾಯಿ, ಮತ್ತು ಮುಂದಿನ ಹಂಗಾಮಿನ ಬಿತ್ತನೆಬೀಜ ಇಷ್ಟೆ. ಮೊತ್ತದಲ್ಲಿ ಇದು ಅಲ್ಪವೆಂಬುದು ದಿಟ. ಆದರೆ ಇವುಗಳಲ್ಲಿ ಬಿತ್ತನೆಬೀಜವೊಂದು ಕೆಟ್ಟರೂ ಕೆಟ್ಟದ್ದು ತಿಳಿಯುವುದು ಮಳೆ ಬಿದ್ದು, ಹೊಲ ಹಸನಾಗಿ, ಬಿತ್ತಿ ಎಂಟು ದಿನವಾದ ಮೇಲೆ. ಆ ವೇಳೆಗೆ ಹದವು ಹೋಗಿರುತ್ತದೆ.

ಗಾಳಿಯನ್ನು ತಡೆದು ಕಾಳನ್ನು ಕಾಯುವುದು ಹೊಸ ವಿದ್ಯೆಯೇನೂ ಅಲ್ಲ. ಬಯಲುಸೀಮೆಯ ಊರುಗಳಲ್ಲಿ ಹಗೇವುಗಳನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ಗಟ್ಟಿಯಾದ ನೆಲದಲ್ಲಿ ಬಾಯಿ ಕಿರಿದಾಗಿಯೂ ಹೊಟ್ಟೆ ಅಗಲವಾಗಿಯೂ ಇರುವಂತೆ ತೋಡಿ, ಒಳಗೆ ಹುಲ್ಲನ್ನು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಗೇವನ್ನು ತೆರೆದೊಡನೆ ಯಾರೂ ಒಳಕ್ಕೆ ಇಳಿಯಕೂಡದೆಂಬುದು ಕಟ್ಟುನಿಟ್ಟಾದ ನಿಯಮವಾಗಿತ್ತು. ಬಾಯನ್ನು ಸಾಕಷ್ಟು ಹೊತ್ತು ತೆರೆದಿಟ್ಟು ಗಾಳಿಯಾಡಿಸಿದ ಮೇಲೆಯೇ ಆಳನ್ನು ಇಳಿಸುತ್ತಿದ್ದರು. ಆತುರಪಟ್ಟು ಇಳಿದವರು ಉಸಿರುಕಟ್ಟಿ ಸತ್ತ ಸಂಗತಿಗಳು ಅನೇಕ ಊರುಗಳಲ್ಲಿ ನೆನಪಿನಲ್ಲಿವೆ. ಒಳಗಿನ ಕಾಳೂ ಹುಳುಗಳೂ ಉಸಿರಾಡಿ ಪ್ರಾಣವಾಯುವನ್ನು ತೀರಿಸಿಬಿಟ್ಟು, ಅದರ ಸ್ಥಾನದಲ್ಲಿ ಅಂಗಾರಾಮ್ಲವಾಯುವನ್ನು ತುಂಬಿರುತ್ತಿದ್ದುವೆಂಬುದೇ ಇದಕ್ಕೆ ಕಾರಣ. ಮನುಷ್ಯನನ್ನು ಕೊಲ್ಲುವ ಆ ಗಾಳಿಯಲ್ಲಿ ಹುಳುವು ಬದುಕುವುದೆಂತು? ಇಂದಿನ ಯಂತ್ರವು ಮಾಡತಕ್ಕದ್ದೂ ಇದೇ ಕೆಲಸ. ಹಗೇವು ಖಂಡುಗಗಳ ಲೆಕ್ಕದಲ್ಲಿ ತಿಂಗಳಾನುಗಟ್ಟಳೆ ಮಾಡುತ್ತಿದ್ದುದನ್ನು ಯಂತ್ರವು ಕಿಲೋಗಳ ಲೆಕ್ಕದಲ್ಲಿ ಒಂದು ನಿಮಿಷದಲ್ಲಿ ಆರಂಭಿಸಿಕೊಡುತ್ತದೆ. ಆರಂಭಿಸಿಕೊಡುತ್ತದೆಯೆಂದು ಹೇಳಿದೆವೇ ಹೊರತು ಮುಗಿಸಿಕೊಡುತ್ತದೆಯೆಂದು ಹೇಳಲಿಲ್ಲ. ಅದರ ವಿವರವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ ಸುಮಾರು ೨೧ ಪಾಲು ಪ್ರಾಣವಾಯುವಿದೆ. ಒಂದು ಕಿಲೋ ಹೆಸರುಕಾಳು ಸುಮಾರು ಒಂದೂಕಾಲು ಲೀಟರು ಜಾಗವನ್ನು ಹಿಡಿಯುತ್ತದೆ; ಅದರಲ್ಲಿ ಕಾಳುಕಾಳಿನ ನಡುವಣ ತೆರಪು ಅಂದಾಜು ನೂರಕ್ಕೆ ೪೦. ಎಂದರೆ ಅರ್ಧ ಲೀಟರು ಗಾಳಿ, ಅದರಲ್ಲಿ ನೂರು ಮಿಲಿಲೀಟರಿಗೆ ತುಸು ಹೆಚ್ಚು ಪ್ರಾಣವಾಯು. ಕಾಳು ಕೊರೆಯುವ ದುಂಬಿಯು ಮೊಟ್ಟೆಯಿಂದ ಬೆಳೆದು ರೆಕ್ಕೆಯ ಹುಳುವಾಗುವುದರೊಳಗೆ ಸುಮಾರು ೯ ಮಿಲಿಲೀಟರು ಪ್ರಾಣವಾಯುವನ್ನು ಬಳಸುತ್ತದೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದರು. ಹಾಗಾದರೆ ಗಾಳಿಯನ್ನು ಹೀರದೆಯೇ, ಕೇವಲ ಗಾಳಿಯಾಡದಂತೆ ಚೀಲವನ್ನು ಮುಚ್ಚಿದರೂ ಆ ಒಂದು ಕಿಲೋ ಕಾಳಿನಲ್ಲಿ ಹನ್ನೊಂದು ಹನ್ನೆರಡು ಹುಳುಗಳಿಗಿಂತ ಹೆಚ್ಚು ಬೆಳೆಯಲಾರವು. ಬಾಯಿ ಕಟ್ಟಿದ ಗೋಣಿಯಲ್ಲಿಯಾದರೋ ಒಂದು ಹೆಣ್ಣುಹುಳುವೇ ಹತ್ತಾರು ಮೊಟ್ಟೆಗಳನ್ನಿಟ್ಟು, ಬೇಸಗೆಯಲ್ಲಿ ಒಂದು ತಿಂಗಳಿನೊಳಗೆ ಮುಂದಿನ ಪೀಳಿಗೆಯನ್ನು ಹೊರಡಿಸುತ್ತದೆ. ಮೂರು ತಿಂಗಳಿಗೆ ಕಾಳೆಲ್ಲ ತೂತು.

ಇನ್ನು ಯಂತ್ರದ ಮಾತು. ಮನೆಬಳಕೆಯ ಸಾಮಾನ್ಯ ಯಂತ್ರಗಳು ೬೦ರಿಂದ ೮೦ ಕಿಲೋಪಾಸ್ಕಲ್ ಒತ್ತಡದಷ್ಟು ಗಾಳಿಯನ್ನು ತೆಗೆಯುತ್ತವೆ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು ಸುಮಾರು ೧೦೧ ಕಿಲೋಪಾಸ್ಕಲ್. ಆದ್ದರಿಂದ ಚೀಲದೊಳಗೆ ಮೊದಲಿದ್ದ ಗಾಳಿಯಲ್ಲಿ ಐದನೆಯ ಎರಡು ಪಾಲೋ ಐದನೆಯ ಒಂದು ಪಾಲೋ ಉಳಿದೇ ಉಳಿಯುತ್ತದೆ. ಹುಳುಗಳು ನಿಶ್ಚಯವಾಗಿ ಸಾಯಬೇಕಾದರೆ ಪ್ರಾಣವಾಯುವು ನೂರಕ್ಕೆ ಸುಮಾರು ೩ಕ್ಕಿಂತ ಕೆಳಗಿಳಿದು, ಕೆಲವು ದಿನಗಳಿಂದ ಎರಡು ಮೂರು ವಾರಗಳವರೆಗೆ ಹಾಗೆಯೇ ಇರಬೇಕು. ಯಂತ್ರವೊಂದೇ ಅಷ್ಟು ಕೆಳಗೆ ಇಳಿಸಲಾರದು. ಉಳಿದ ಅಲ್ಪವಾಯುವನ್ನು ಒಳಗಿರುವ ಹುಳುಗಳೇ ಉಸಿರಾಡಿ ತೀರಿಸಿ ತಾವೂ ಸಾಯುತ್ತವೆ. ಮೇಲಿನ ಲೆಕ್ಕದಂತೆ ನಾಲ್ಕೈದೋ, ಎರಡೋ ಹುಳು ಬೆಳೆಯುವಷ್ಟೇ ಅವಕಾಶವಿರುತ್ತದೆ. ಅವು ಸಾಯುವ ಬಗೆಯೂ ವಿಚಿತ್ರವೇ. ಒಣಕಾಳಿನೊಳಗೆ ವಾಸಿಸುವ ಈ ಹುಳುಗಳಿಗೆ ಕುಡಿಯಲು ನೀರಿಲ್ಲ. ತಿಂದ ಆಹಾರವನ್ನು ಪ್ರಾಣವಾಯುವಿನಿಂದ ಜೀರ್ಣಿಸಿ, ಅದರಿಂದ ಹುಟ್ಟುವ ನೀರಿನಿಂದಲೇ ಜೀವಿಸುತ್ತವೆ. ಪ್ರಾಣವಾಯು ಕಡಿಮೆಯಾದೊಡನೆ ತಿನ್ನುವುದನ್ನು ನಿಲ್ಲಿಸಿ, ನೀರು ಹುಟ್ಟದೆ ಒಣಗಿ ಸಾಯುತ್ತವೆಂದು ಅದೇ ಸಂಶೋಧಕರು ತೋರಿಸಿದ್ದಾರೆ.

ಈ ಲೆಕ್ಕದಿಂದ ಕೊಳ್ಳುವವರು ತಿಳಿಯಬೇಕಾದುದೇನೆಂದರೆ, ಯಂತ್ರವು ಎಷ್ಟು ಬಲವಾಗಿ ಹೀರುತ್ತದೆಂಬುದು ಎರಡನೆಯ ಮಾತು; ಮುಚ್ಚಿದ ಮೇಲೆ ಹೊರಗಿನ ಗಾಳಿ ಒಳಗೆ ಬಾರದಂತೆ ಬೆಸುಗೆಯೂ ಚೀಲವೂ ಎಷ್ಟು ದಿವಸ ತಡೆಯುತ್ತವೆಂಬುದು ಮೊದಲನೆಯ ಮಾತು. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದು ಹೀರುವ ಶಕ್ತಿಯನ್ನು ಮಾತ್ರ.

ಒಣಗು

ಇವೆಲ್ಲಕ್ಕೂ ಮುಂಚಿನ ಮಾತೊಂದಿದೆ. ಒಣಗದ ಕಾಳನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚುವುದು ಅದನ್ನು ಗೋಣಿಯಲ್ಲಿ ಬಿಡುವುದಕ್ಕಿಂತಲೂ ಕೆಟ್ಟದ್ದು. ಗೋಣಿಯಲ್ಲಿದ್ದರೆ ತೇವವು ಸ್ವಲ್ಪವಾದರೂ ಹೊರಗೆ ಹೋದೀತು. ಮುಚ್ಚಿದ ಚೀಲದಲ್ಲಿ ಅದಕ್ಕೆ ದಾರಿಯಿಲ್ಲ. ಬಿತ್ತನೆಬೀಜವಾಗಿದ್ದರೆ ಒಳಗಿನ ಜೀವವು ಬೇಗನೆ ನಾಶವಾಗುತ್ತದೆ. ಊಟದ ಧಾನ್ಯವಾಗಿದ್ದರೆ ಹುಳಿವಾಸನೆ ಹಿಡಿಯುತ್ತದೆ. ಮೆಕ್ಕೆಜೋಳ, ನೆಲಗಡಲೆಗಳು ಹಸಿಯಾಗಿ ಕೂತು ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟುವ ಸಂಭವವಿದೆ. ಅದು ಈರಲಿಯನ್ನು ಕೆಡಿಸತಕ್ಕ ವಿಷ. ಸಾಮಾನ್ಯವಾಗಿ ಬೇಯಿಸಿದರೆ ಹುರಿದರೆ ಹೋಗತಕ್ಕದ್ದಲ್ಲ. ಬೂಷ್ಟು ಕಂಡ ಕಾಳನ್ನು ತೊಳೆದು ಒಣಗಿಸಿ ಚೀಲಕ್ಕೆ ತುಂಬುವ ಜಾಣತನವನ್ನು ಯಾರೂ ಮಾಡಬಾರದು.

ಬಸವಾಪಟ್ಟಣದ ಕಡೆ ಈ ಎಚ್ಚರಿಕೆಯು ವಿಶೇಷವಾಗಿ ಬೇಕು. ಮಳೆಗಾಲದ ಬತ್ತವು ಕೊಯ್ಲಿಗೆ ಬರುವಾಗ ಚಳಿಗಾಲದ ಒಣಹವೆಯಿರುತ್ತದೆ. ಅದನ್ನು ಒಣಗಿಸುವುದು ಕಷ್ಟವಲ್ಲ. ಆದರೆ ನಾಲೆಯ ಬೇಸಗೆ ಬತ್ತವು ಒಕ್ಕಣೆಯಾಗುವ ಕಾಲಕ್ಕೆ ಮುಂಗಾರಿನ ಮೋಡಗಳು ಬಂದು ನಿಂತಿರುತ್ತವೆ. ಯಂತ್ರದಿಂದ ಕೊಯ್ದ ಬತ್ತವು ಮೊದಲೇ ಹಸಿ. ಅದರ ಮೇಲೆ ಎರಡು ಹನಿ ಬಿದ್ದರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಊಟದ ಧಾನ್ಯವನ್ನು ಇಡಲು ತೇವವು ನೂರಕ್ಕೆ ೧೨ರಿಂದ ೧೩ಕ್ಕಿಂತ ಹೆಚ್ಚಿರಕೂಡದು. ಬಿತ್ತನೆಬೀಜಕ್ಕೆ ಇನ್ನೂ ಕಟ್ಟುನಿಟ್ಟು. ಬೀಜ ಪ್ರಮಾಣೀಕರಣದ ನಿಯಮದಲ್ಲಿ ಸಾಧಾರಣ ಚೀಲದ ಬತ್ತದ ಬೀಜಕ್ಕೆ ೧೩ರವರೆಗೆ ಅವಕಾಶವಿದ್ದರೂ, ತೇವವಾಡದ ಚೀಲದಲ್ಲಿ ಮುಚ್ಚತಕ್ಕ ಬೀಜಕ್ಕೆ ೮ನ್ನೇ ಮಿತಿಯಾಗಿಟ್ಟಿದ್ದಾರೆ. ಮೆಣಸಿನಕಾಯಿ, ಟೊಮ್ಯಾಟೊ, ಬದನೆ, ಈರುಳ್ಳಿ ಬೀಜಗಳಿಗೆ ೬. ನಿಯಮ ಮಾಡಿದವರು ಸುಮ್ಮನೆ ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಇಟ್ಟವರಲ್ಲ. ಬೀಜದ ತೇವವು ನೂರಕ್ಕೆ ಒಂದರಂತೆ ಇಳಿದ ಹಾಗೆಲ್ಲ ಅದರ ಆಯುಸ್ಸು ಸುಮಾರಾಗಿ ಇಮ್ಮಡಿಯಾಗುತ್ತದೆಂದು ಹ್ಯಾರಿಂಗ್‌ಟನ್ ಎಂಬ ಅಮೆರಿಕದ ಬೀಜಶಾಸ್ತ್ರಜ್ಞರು ಹೇಳಿದ ಸೂತ್ರವು ಈ ಕೆಲಸದವರಿಗೆಲ್ಲ ಪರಿಚಿತವಾಗಿದೆ.

ತೇವವನ್ನು ಅಳೆಯುವ ಮೀಟರು ಗಿರಣಿಗಳಲ್ಲಿಯೂ ಧಾನ್ಯ ಕೊಳ್ಳುವ ವರ್ತಕರಲ್ಲಿಯೂ ಇರುತ್ತದೆ. ಒಂದು ಹಿಡಿ ಕಾಳನ್ನು ಒಯ್ದು ತೋರಿಸಿದರೆ ಆಯಿತು. ಅದಕ್ಕೂ ಅನುಕೂಲವಿಲ್ಲದವರು ಉಪ್ಪಿನ ಪರೀಕ್ಷೆಯನ್ನು ಮಾಡಬಹುದು. ಪುಡಿಯುಪ್ಪನ್ನು ಬಿಸಿಲಿನಲ್ಲಿಯೋ ಬಾಣಲೆಯಲ್ಲಿಯೋ ಚೆನ್ನಾಗಿ ಒಣಗಿಸಿ ಆರಿಸಬೇಕು. ಒಣಗಿದ ಗಾಜಿನ ಶೀಶೆಯಲ್ಲಿ ಕಾಲುಭಾಗ ಕಾಳು, ಅದರ ಮೇಲೆ ಒಂದೆರಡು ಚಮಚ ಉಪ್ಪು ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಇಟ್ಟು ನೋಡಬೇಕು. ಉಪ್ಪು ಶೀಶೆಯ ಮೈಗೆ ಅಂಟಿಕೊಂಡರೆ ತೇವವು ೧೫ಕ್ಕಿಂತ ಮೇಲಿದೆಯೆಂದು ಅರ್ಥ; ಆ ಕಾಳು ಕಣಕ್ಕೆ ಹಿಂದಿರುಗತಕ್ಕದ್ದು. ಉಪ್ಪು ಅಂಟದಿದ್ದರೆ ಊಟದ ಕಾಳನ್ನು ಇನ್ನೂ ಒಂದು ಒಳ್ಳೆಯ ಬಿಸಿಲು ಕಾಣಿಸಿ ತುಂಬಬಹುದು. ಬೀಜಕ್ಕೆ ಮಾತ್ರ ಈ ಪರೀಕ್ಷೆ ಸಾಲದು, ಮೀಟರಿನಿಂದಲೇ ನೋಡಬೇಕು. ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಕೂಡಲೇ ಮುಚ್ಚಿದರೆ ಚೀಲದ ಒಳಮೈಯಲ್ಲಿ ನೀರು ಬೆವರಿದಂತೆ ನಿಲ್ಲುತ್ತದೆ. ಹಾಗೆಂದು ರಾತ್ರಿಯೆಲ್ಲ ಬಯಲಿನಲ್ಲಿ ಬಿಟ್ಟರೆ ಇಬ್ಬನಿಯ ತೇವವನ್ನು ಹೀರಿಕೊಳ್ಳುವುದು. ನೆರಳಿನಲ್ಲಿ ಒಂದೆರಡು ಗಂಟೆ ಆರಿಸಿ ಅದೇ ಸಂಜೆ ತುಂಬುವುದು ಯೋಗ್ಯವಾದ ಕ್ರಮ.

ಕೊಳ್ಳುವಾಗ ನೋಡತಕ್ಕದ್ದು

ಯಂತ್ರಗಳಲ್ಲಿ ಎರಡು ಜಾತಿ. ಒಂದರಲ್ಲಿ ಚೀಲದ ಬಾಯಿ ಮಾತ್ರ ಯಂತ್ರದೊಳಗೆ ಸೇರಿ, ಕಾಳು ತುಂಬಿದ ಭಾಗವು ಹೊರಗೆ ಇರುತ್ತದೆ. ಬೆಲೆ ಕಡಿಮೆ, ತೂಕ ಕಡಿಮೆ. ಇದಕ್ಕೆ ಒಳಮೈಯಲ್ಲಿ ಗೀರುಗೀರಾಗಿ ಉಬ್ಬಿದ ವಿಶೇಷ ಚೀಲವೇ ಬೇಕು. ನುಣುಪಾದ ಚೀಲವಾದರೆ ಎರಡು ಮೈಗಳೂ ಅಂಟಿಕೊಂಡು ಗಾಳಿ ಹೊರಬರಲು ದಾರಿಯಿರುವುದಿಲ್ಲ. ಇನ್ನೊಂದರಲ್ಲಿ ಇಡೀ ಚೀಲವನ್ನೇ ಮುಚ್ಚಳವುಳ್ಳ ಪೆಟ್ಟಿಗೆಯೊಳಗೆ ಇಟ್ಟು ಪೆಟ್ಟಿಗೆಯ ಗಾಳಿಯನ್ನೆಲ್ಲ ತೆಗೆಯುತ್ತಾರೆ. ಇದಕ್ಕೆ ನುಣುಪು ಚೀಲವೇ ಸಾಕು, ಹಿಟ್ಟು ಮತ್ತು ಹಸಿ ಪದಾರ್ಥಗಳಿಗೂ ಇದೇ ಮೇಲು. ಆದರೆ ಯಂತ್ರದ ಬೆಲೆ ಹಲವು ಪಟ್ಟು ಹೆಚ್ಚು, ಭಾರವೂ ಹೆಚ್ಚು. ವರ್ಷಕ್ಕೆ ಮೂವತ್ತು ನಲವತ್ತು ಚೀಲ ಮುಚ್ಚುವ ಮನೆಗೆ ಮೊದಲನೆಯ ಜಾತಿಯೇ ಸಾಕು. ಯಂತ್ರದ ಬೆಲೆಯನ್ನು ಒಂದು ಸಲ ಕೊಡುತ್ತೇವೆ, ಚೀಲದ ಬೆಲೆಯನ್ನು ಪ್ರತಿವರ್ಷವೂ ಕೊಡಬೇಕು. ಆದ್ದರಿಂದ ಮೊದಲು ಚೀಲದ ಬೆಲೆಯನ್ನು ಕೇಳಿ, ಅದು ಹತ್ತಿರದ ಪೇಟೆಯಲ್ಲಿ ಸಿಕ್ಕುವುದೋ ಇಲ್ಲವೋ ವಿಚಾರಿಸಿ, ಆಮೇಲೆ ಯಂತ್ರಕ್ಕೆ ಕೈಹಾಕಬೇಕು.

ಚೀಲವು ಬರಿಯ ಪಾಲಿಥೀನಿನದಾಗಿರಕೂಡದು. ಪಾಲಿಥೀನು ನೀರಿನ ತೇವವನ್ನು ತಡೆದರೂ ಪ್ರಾಣವಾಯುವನ್ನು ಮೆಲ್ಲಮೆಲ್ಲನೆ ಒಳಕ್ಕೆ ಬಿಡುತ್ತದೆ. ತೆಳ್ಳಗಿನ ಚೀಲದಲ್ಲಿ ಇದು ಹೆಚ್ಚು. ನೈಲಾನಿನ ಪದರವನ್ನು ಒಳಗೊಂಡ, ಹಲವು ಪದರಗಳ ಚೀಲವನ್ನೇ ಕೇಳಿ ತೆಗೆದುಕೊಳ್ಳತಕ್ಕದ್ದು. ಯಂತ್ರದಲ್ಲಿ ಬೆಸೆಯುವ ಪಟ್ಟಿಯು ಅಗಲವಾಗಿರಬೇಕು. ಎರಡು ಸಾಲು ಬೆಸೆಯುವಂತಹದು ಸಿಕ್ಕಿದರೆ ಮತ್ತೂ ಉತ್ತಮ. ಹೀರದೆ ಬೆಸೆಯುವುದಕ್ಕೆ ಬೇರೆ ಗುಂಡಿಯಿರಬೇಕು. ಮುಚ್ಚಳದ ಸುತ್ತಲಿನ ರಬ್ಬರಿನ ಅಥವಾ ಸ್ಪಂಜಿನ ಪಟ್ಟಿಯೂ, ಕಾಯುವ ತಂತಿಯ ಮೇಲಿನ ಟೆಫ್ಲಾನ್ ಪಟ್ಟಿಯೂ ಸವೆಯತಕ್ಕ ವಸ್ತುಗಳು. ಇವೆರಡೂ ಬಿಡಿಯಾಗಿ ದೊರೆಯದಿದ್ದರೆ ಯಂತ್ರವು ಎರಡು ವರ್ಷದ ಮೇಲೆ ಅಟ್ಟ ಸೇರುವುದು ಖಂಡಿತ. ಕೊಳ್ಳುವ ದಿವಸ ಅಂಗಡಿಯಲ್ಲಿಯೇ ಒಂದು ಚೀಲದಲ್ಲಿ ಕಾಳು ತುಂಬಿಸಿ ಮುಚ್ಚಿಸಿ ಮನೆಗೆ ತಂದಿಟ್ಟುಕೊಂಡು, ವಾರದ ಮೇಲೂ ಅದು ಇಟ್ಟಿಗೆಯಂತೆ ಗಟ್ಟಿಯಾಗಿದೆಯೋ ಸಡಿಲವಾಗಿದೆಯೋ ನೋಡುವುದು ಎಲ್ಲ ಪ್ರಶಂಸಾಪತ್ರಗಳಿಗಿಂತ ಮೇಲಾದ ಪರೀಕ್ಷೆ. ವಿದ್ಯುಚ್ಛಕ್ತಿಯ ಖರ್ಚು ಗಣನೆಗೆ ಬರುವಷ್ಟಿಲ್ಲ.

ಬಳಸುವ ಕ್ರಮ

ಚೀಲದ ಬಾಯ ಬಳಿ ನಾಲ್ಕು ಬೆರಳಗಲ ಖಾಲಿ ಬಿಡಬೇಕು. ಬೆಸುಗೆ ಬೀಳುವ ಜಾಗದಲ್ಲಿ ಹಿಟ್ಟಿನ ಧೂಳಾಗಲಿ, ಹೊಟ್ಟಾಗಲಿ, ಸುಕ್ಕಾಗಲಿ ಇದ್ದರೆ ಕಣ್ಣಿಗೆ ಕಾಣದ ಸಂದು ಉಳಿದು ನಾಲ್ಕು ದಿನದಲ್ಲಿ ಚೀಲವು ಸಡಿಲಾಗುತ್ತದೆ. ಒಣಬಟ್ಟೆಯಿಂದ ಒರಸಿ, ಬಾಯನ್ನು ಎರಡು ಕೈಯಿಂದ ಎಳೆದು ಸಮಮಾಡಿ ಇಡಬೇಕು. ಒಂದರ ಹಿಂದೊಂದು ಹತ್ತಾರು ಚೀಲಗಳನ್ನು ಮುಚ್ಚಿದರೆ ತಂತಿಯು ಅತಿಯಾಗಿ ಕಾದು, ಚೀಲವನ್ನು ಬೆಸೆಯುವ ಬದಲು ಕರಗಿಸಿ ಕತ್ತರಿಸುತ್ತದೆ. ನಡುನಡುವೆ ಯಂತ್ರಕ್ಕೆ ಬಿಡುವು ಕೊಡತಕ್ಕದ್ದು. ರಾಗಿಹಿಟ್ಟು, ಮೆಣಸಿನಪುಡಿ, ಸಾರಿನಪುಡಿ ಮೊದಲಾದುವನ್ನು ನೇರವಾಗಿ ತುಂಬಿದರೆ ಪುಡಿಯು ಗಾಳಿಯೊಡನೆ ಹೀರಲ್ಪಟ್ಟು ಪಂಪಿನೊಳಕ್ಕೆ ಹೋಗುವುದರಿಂದ, ಮೊದಲು ತೆಳುಬಟ್ಟೆಯ ಚೀಲಕ್ಕೆ ತುಂಬಿ ಆ ಚೀಲವನ್ನು ಇದರೊಳಗೆ ಇಡಬೇಕು. ಒಣಮೆಣಸಿನಕಾಯಿಯ ತೊಟ್ಟು, ಬತ್ತದ ಮುಳ್ಳು, ಒಡೆದ ಅಡಿಕೆಯ ಅಂಚು ಇವು ಗಾಳಿ ಹೋದೊಡನೆ ಚೀಲವನ್ನು ಚುಚ್ಚುತ್ತವೆ. ಇವುಗಳಿಗೂ ಒಳಗೊಂದು ಬಟ್ಟೆ ಅಥವಾ ದಪ್ಪಕಾಗದದ ಹೊದಿಕೆ ಬೇಕು.

ಅವರೆ, ಅಲಸಂದೆ, ತೊಗರಿಗಳಿಗೆ ಹುಳುವು ಹೊಲದಲ್ಲಿಯೇ ಮೊಟ್ಟೆಯಿಟ್ಟು ಬಂದಿರುತ್ತದೆ. ಒಕ್ಕಿ ತಂದ ಕಾಳು ನೋಡಲು ಶುದ್ಧವಾಗಿದ್ದರೂ ಒಳಗೆ ಮರಿಯಿರಬಹುದು. ಇವುಗಳನ್ನು ಒಕ್ಕಿ ಒಣಗಿಸಿದ ವಾರದೊಳಗೆ ಮುಚ್ಚಿದರೆ ಮೇಲಾದ ಫಲ ದೊರೆಯುವುದು. ಮುಚ್ಚುವುದಕ್ಕೆ ಮುಂಚೆ ಕಾಳನ್ನು ಕಪ್ಪು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳಿಗೆ ಕಲ್ಲಿಟ್ಟು ಬೇಸಗೆಯ ನಡುಹಗಲಿನ ಬಿಸಿಲಿಗೆ ಬಿಟ್ಟರೆ, ಒಳಗಿನ ಮೊಟ್ಟೆಮರಿಗಳೆಲ್ಲ ಸಾಯುವಷ್ಟು ಕಾವು ಬರುತ್ತದೆ. ಕಾಳು ೫೭ ಡಿಗ್ರಿ ಸೆಂಟಿಗ್ರೇಡಿಗೆ ಮುಟ್ಟಿ ಒಂದು ಗಂಟೆ ನಿಂತರೆ ಸಾಕು. ಕೆಮ್ಮಣ್ಣು ಕಟ್ಟುವ, ಬೂದಿ ಬೆರೆಸುವ, ಹರಳೆಣ್ಣೆ ಸವರುವ ಹಳೆಯ ಪದ್ಧತಿಗಳು ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದರೆ ಅವನ್ನು ಬಿಟ್ಟು ಯಂತ್ರವನ್ನು ತರಲೇಬೇಕೆಂದು ಹೇಳುವ ಅವಶ್ಯಕತೆಯಿಲ್ಲ.

ರಾಗಿಗೆ ಈ ಯಂತ್ರವು ವ್ಯರ್ಥ. ಆ ಪುಟ್ಟ ಕಾಳಿನೊಳಗೆ ಮೂತಿಹುಳುವಿನ ಮರಿಯು ಬೆಳೆಯುವಷ್ಟು ಸ್ಥಳವೇ ಇಲ್ಲ. ಒಣಗಿದ ರಾಗಿಯು ವಾಡೆಯಲ್ಲಿಯೋ ಡ್ರಮ್ಮಿನಲ್ಲಿಯೋ ವರ್ಷಗಟ್ಟಲೆ ಕೂತಿರುತ್ತದೆ. ಹಿಟ್ಟು ಮಾಡಿದ ಮೇಲೆ ಮಾತ್ರ ಕೆಂಪುಹುಳುವಿನ ಭಯ. ಮೂಟೆಗಟ್ಟಲೆ ಬತ್ತಕ್ಕೂ ಇದು ಹೊಂದದು. ಅಷ್ಟು ಮೊತ್ತಕ್ಕೆ ಬೇರೆ ಉಪಾಯವಿದೆ: ಆಫ್ರಿಕದ ಕೆಮರೂನ್ ದೇಶದ ಅಲಸಂದೆ ಬೆಳೆಗಾರರಿಗಾಗಿ ೧೯೮೦ರ ದಶಕದ ಕೊನೆಯಲ್ಲಿ, ಮೇಲೆ ಹೇಳಿದ ಪರ್ಡ್ಯೂ ವಿಶ್ವವಿದ್ಯಾನಿಲಯದವರೇ ರೂಪಿಸಿದ ಮೂರು ಪದರದ ಚೀಲ. ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ, ಅದರೊಳಗೆ ೮೦ ಮೈಕ್ರಾನ್ ದಪ್ಪದ ಪಾಲಿಥೀನಿನ ಎರಡು ಚೀಲಗಳು. ಪಾಲಿಥೀನಿನ ದೋಷವನ್ನು ಇಲ್ಲಿ ದಪ್ಪದಿಂದ ಸರಿದೂಗಿಸಿದ್ದಾರೆ. ಕಾಳು ತುಂಬಿ, ಅದುಮಿ, ಒಂದೊಂದು ಚೀಲದ ಬಾಯನ್ನೂ ಬೇರೆಬೇರೆಯಾಗಿ ಹುರಿಗೊಳಿಸಿ ಮಡಿಸಿ ಬಿಗಿಯಬೇಕು. ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಈ ಜಾತಿಯ ಗಾಳಿಯಾಡದ ಚೀಲಗಳು ನಮ್ಮ ದೇಶದಲ್ಲಿಯೂ ದೊರೆಯುತ್ತವೆ. ಐವತ್ತು ಕಿಲೋ ಬೇಳೆಕಾಳು ಇಡತಕ್ಕ ಮನೆಗೆ ಯಂತ್ರಕ್ಕಿಂತ ಇದೇ ಲೇಸು.

ಮುಚ್ಚಿದ ಚೀಲಗಳನ್ನು ಎಲ್ಲಿಡಬೇಕೆಂಬುದೂ ಒಂದು ಪ್ರಶ್ನೆ. ನೈಲಾನಾದರೇನು, ಇಲಿಗೆ ಅದು ಒಂದು ಕಡಿತದ ಕೆಲಸ. ಅಜ್ಜಿಯ ಕಾಲದ ಗುಡಾಣವೋ ತಗಡಿನ ಪೆಟ್ಟಿಗೆಯೋ ಇದ್ದರೆ ಚೀಲಗಳನ್ನು ಅದರೊಳಗೆ ಇಟ್ಟು, ಮೇಲೆ ಪದಾರ್ಥದ ಹೆಸರನ್ನೂ ಮುಚ್ಚಿದ ತಾರೀಖನ್ನೂ ಬರೆದು, ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡಬೇಕು. ಸಡಿಲವಾದುದನ್ನು ಮೊದಲು ಬಳಸತಕ್ಕದ್ದು. ಉಬ್ಬಿಕೊಂಡ ಚೀಲ ಕಂಡರೆ ಒಳಗೆ ತೇವವಿದ್ದು ಕೊಳೆಯುತ್ತಿದೆಯೆಂದು ತಿಳಿಯಬೇಕು.

ಎರಡು ಅಪಾಯಗಳು

ಬೇಯಿಸಿದ ಅನ್ನ, ಪಲ್ಯ, ಮಾಂಸ, ಪನೀರು, ಅಣಬೆ, ಎಣ್ಣೆಯಲ್ಲಿ ಅದ್ದಿದ ಹಸಿ ಬೆಳ್ಳುಳ್ಳಿ ಮುಂತಾದ ನೀರಿನಂಶವುಳ್ಳ ಪದಾರ್ಥಗಳನ್ನು ಗಾಳಿ ತೆಗೆದು ಮುಚ್ಚಿ ಹೊರಗಿಡಲೇಕೂಡದು. ಗಾಳಿಯಿಲ್ಲದ ಕಡೆಯಲ್ಲಿಯೇ ಬೆಳೆಯುವ ಒಂದು ಜಾತಿಯ ಸೂಕ್ಷ್ಮಜೀವಿಯುಂಟು. ಮಣ್ಣಿನಲ್ಲಿ ಎಲ್ಲೆಲ್ಲಿಯೂ ಇರುವ ಅದರ ಬೀಜಕಗಳು ಸಾಮಾನ್ಯ ಕುದಿತಕ್ಕೂ ಸಾಯುವುದಿಲ್ಲ. ಅದು ಹುಟ್ಟಿಸುವ ಬಾಟುಲಿನಮ್ ವಿಷವು ನರಗಳನ್ನು ನಿಶ್ಚೇಷ್ಟಗೊಳಿಸಿ ಉಸಿರನ್ನೇ ನಿಲ್ಲಿಸುತ್ತದೆ. ಪದಾರ್ಥದ ಬಣ್ಣವಾಗಲಿ ವಾಸನೆಯಾಗಲಿ ಬದಲಾಗದೆಯೂ ಇರಬಹುದು. ಗಾಳಿಯಿದ್ದಲ್ಲಿ ಬೆಳೆದು, ಹಳಸಿದ ನಾತದಿಂದ ನಮಗೆ ಎಚ್ಚರಿಕೆ ಕೊಡುವ ಬೇರೆ ಜೀವಿಗಳನ್ನು ಯಂತ್ರವು ತಡೆದುಬಿಟ್ಟಿರುವುದರಿಂದ ಈ ಅಪಾಯವು ಇನ್ನೂ ಮರೆಯಾಗಿರುತ್ತದೆ. ಇಂತಹ ಪದಾರ್ಥಗಳು ಶೀತಪೆಟ್ಟಿಗೆಯಲ್ಲಿ ಇರತಕ್ಕವು. ಅಲ್ಲಿಯೂ ಕೆಲವೇ ದಿನ, ಹೆಚ್ಚು ಕಾಲ ಬೇಕಾದರೆ ಹಿಮಗಟ್ಟಿಸಿ. ಚೆನ್ನಾಗಿ ಒಣಗಿದ ಕಾಳಿನಲ್ಲಿಯೂ ಪುಡಿಯಲ್ಲಿಯೂ ಈ ಜೀವಿಯು ಬೆಳೆಯಲಾರದು.

ಇನ್ನೊಂದು ಅಪಾಯವು ಯಂತ್ರದ್ದಲ್ಲ, ಯಂತ್ರವು ತಪ್ಪಿಸಬಹುದಾದದ್ದು. ಕಾಳಿನ ಹುಳಕ್ಕೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮಲಗುವ ಕೋಣೆಯ ಮೂಟೆಗಳಲ್ಲಿ ಇಡುವ ದುರಭ್ಯಾಸವು ಇನ್ನೂ ಕೆಲವೆಡೆ ಉಳಿದಿದೆ. ಗಾಳಿಯ ತೇವ ತಾಕಿದೊಡನೆ ೩ ಗ್ರಾಂ ತೂಕದ ಒಂದು ಮಾತ್ರೆಯಿಂದ ಸುಮಾರು ಒಂದು ಗ್ರಾಂ ಫಾಸ್ಫೀನ್ ಅನಿಲವು ಹೊರಬರುತ್ತದೆ; ಮುಚ್ಚಿದ ಕೋಣೆಯಲ್ಲಿ ಮಲಗಿದ ಮಕ್ಕಳೂ ದೊಡ್ಡವರೂ ಅದರಿಂದ ಸಾಯುತ್ತಾರೆ. ಇದಕ್ಕೆ ಪ್ರತಿವಿಷವಿಲ್ಲ. ಸರ್ಕಾರದ ತಜ್ಞರ ಉಸ್ತುವಾರಿಯಲ್ಲಿ, ಉಗ್ರಾಣಗಳಲ್ಲಿ ಮಾತ್ರ ಉಪಯೋಗಿಸಲು ಕಾನೂನು ಅವಕಾಶ ಕೊಟ್ಟಿರುವ ಈ ವಸ್ತುವನ್ನು ಮನೆಗೆ ತರದಂತೆ ನೋಡಿಕೊಳ್ಳುವುದು ಗ್ರಾಮದ ಯಜಮಾನರ ಕೈಯಲ್ಲಿದೆ. ಹತ್ತು ಕಿಲೋ ಕಾಳನ್ನು ಉಳಿಸಲು ಚೀಲವಿರುವಾಗ ವಿಷವೇಕೆ?

ಊರಿಗೆ ಒಂದರಂತೆ ಪೆಟ್ಟಿಗೆಜಾತಿಯ ದೊಡ್ಡ ಯಂತ್ರವನ್ನು ಸ್ತ್ರೀಶಕ್ತಿ ಸಂಘದವರೋ ಸಹಕಾರ ಸಂಘದವರೋ ಕೊಂಡು, ಚೀಲವೊಂದಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಿ ಎಲ್ಲರಿಗೂ ಮುಚ್ಚಿಕೊಡುವುದು ಮನೆಮನೆಗೊಂದು ಸಣ್ಣ ಯಂತ್ರಕ್ಕಿಂತ ಹೆಚ್ಚು ಪ್ರಯೋಜನಕರವೆಂದು ನಮ್ಮ ಅಭಿಪ್ರಾಯ. ವರ್ಷದಲ್ಲಿ ನಾಲ್ಕು ದಿವಸ ಓಡಿ ಉಳಿದ ದಿವಸಗಳಲ್ಲಿ ಧೂಳು ಹೊದ್ದು ಕೂರುವ ಯಂತ್ರದ ರಬ್ಬರು ಬೇಗ ಬಿರಿಯುತ್ತದೆ. ಸಂಘದಲ್ಲಿ ಒಬ್ಬರೋ ಇಬ್ಬರೋ ಹೆಣ್ಣುಮಕ್ಕಳು ಕೈಪಳಗಿದರೆ ಬೆಸುಗೆಯೂ ಚೆನ್ನಾಗಿ ಬೀಳುವುದು. ಕಾಳು ತಂದವರ ಎದುರಿಗೆ ಅವರೇ ತೇವವನ್ನು ಪರೀಕ್ಷಿಸಿ, ಒಣಗಿಲ್ಲದ್ದನ್ನು ಮುಲಾಜಿಲ್ಲದೆ ಹಿಂದಿರುಗಿಸಬಹುದು. ಹಪ್ಪಳ, ಸಂಡಿಗೆ, ಸಾರಿನಪುಡಿಗಳನ್ನು ಹೀಗೆ ಮುಚ್ಚಿ ಮಾರುವುದಾದರೆ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಬೇಕು. ತರಬೇತಿಯ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದವರು ಆಹಾರಪದಾರ್ಥಗಳ ರಕ್ಷಣೆ ಮತ್ತು ಕಟ್ಟುವಿಕೆಯ ವಿಷಯದಲ್ಲಿ ತಜ್ಞರು.

ಬಿತ್ತನೆಬೀಜಕ್ಕೆ ಸಂಬಂಧಿಸಿದಂತೆ ಇನ್ನೆರಡು ಮಾತು. ಹಲಸು, ಮಾವು, ಅಡಿಕೆಗಳ ಬಿತ್ತವು ಒಣಗಿದರೆ ಸಾಯತಕ್ಕ ಜಾತಿ. ಅವನ್ನು ಯಾವ ಚೀಲದಲ್ಲಿಯೂ ಮುಚ್ಚಿಡಲಾಗದು, ಹಸಿಯಾಗಿಯೇ ಬಿತ್ತಬೇಕು. ಉಳಿದ ಬೀಜಗಳನ್ನು ಒಂದು ಬಿತ್ತನೆಗೆ ಬೇಕಾಗುವಷ್ಟನ್ನೇ ಒಂದೊಂದು ಚೀಲದಲ್ಲಿ ಮುಚ್ಚಬೇಕು. ಒಮ್ಮೆ ತೆರೆದ ಚೀಲದ ಬೀಜವು ಮಳೆಗಾಲದ ತೇವವನ್ನು ಬೇಗನೆ ಎಳೆದುಕೊಳ್ಳುತ್ತದೆ. ಅದೇ ರಾಶಿಯ ನೂರಿನ್ನೂರು ಕಾಳುಗಳನ್ನು ಪರೀಕ್ಷೆಗೆಂದು ಸಣ್ಣ ಚೀಲವೊಂದರಲ್ಲಿ ಬೇರೆಯಾಗಿ ಮುಚ್ಚಿ ಜೊತೆಯಲ್ಲಿಟ್ಟಿರಬೇಕು. ರೋಹಿಣಿ ಮಳೆಗೆ ಹದಿನೈದು ಇಪ್ಪತ್ತು ದಿವಸ ಮುಂಚಿತವಾಗಿ ಆ ಸಣ್ಣ ಚೀಲವನ್ನು ತೆರೆದು, ನೂರು ಕಾಳುಗಳನ್ನು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿಟ್ಟು ಸುತ್ತಿ, ದಿನವೂ ನೀರು ಚಿಮುಕಿಸಿ, ಏಳೆಂಟು ದಿವಸದ ಮೇಲೆ ಬಿಚ್ಚಿ ಮೊಳಕೆಯನ್ನು ಎಣಿಸತಕ್ಕದ್ದು. ಬತ್ತದಲ್ಲಿ ೮೦, ರಾಗಿಯಲ್ಲಿಯೂ ತೊಗರಿಯಲ್ಲಿಯೂ ೭೫ ಮೊಳೆತರೆ ಬಿತ್ತಬಹುದು. ಅದಕ್ಕಿಂತ ಸ್ವಲ್ಪ ಕಡಿಮೆಯಾದರೆ ಬೀಜದ ಪ್ರಮಾಣವನ್ನು ಹೆಚ್ಚಿಸಬೇಕು. ಅರ್ಧಕ್ಕೆ ಇಳಿದಿದ್ದರೆ ಆ ಬೀಜವನ್ನು ಬಿಟ್ಟು ಬೇರೆಯದನ್ನು ತರಲು ಇನ್ನೂ ವಾರವಾದರೂ ಉಳಿದಿರುತ್ತದೆ.